ಮುಳ್ಳುಮರ ಇರಲಿ, ಬಾಗಿಲು ಬೇಡ

ಐರ್ಲೆಂಡಿನಲ್ಲಿ ನೆಲೆಸಿರುವ ಪುತ್ತೂರು ಕಡೆಯ ಓದುಗರೊಬ್ಬರ ಪತ್ರ:

‘ಕಿಲ್ಡೇರ್ ಕೌಂಟಿಯಲ್ಲಿ ಹಿತ್ತಲಿರುವ ಮನೆ ಕೊಂಡಿದ್ದೇವೆ. ಮಗಳ ಗೆಳತಿಯರ ಮನೆಯಲ್ಲೆಲ್ಲ ಫೇರಿ ಗಾರ್ಡನ್, ಅಂದರೆ ಯಕ್ಷಿಣಿಯರ ತೋಟ ಇದೆ. ಮರದ ಬುಡಕ್ಕೆ ಪುಟ್ಟ ಬಾಗಿಲು, ಅಣಬೆ ಗೊಂಬೆ, ಮಿಣುಕು ದೀಪ. ನಮಗೂ ಬೇಕು ಎಂದು ಹಟ. ಜಾನಪದದ ಪ್ರಕಾರ ಏನು ನೆಟ್ಟರೆ ಫೇರಿಗಳು ಬರುತ್ತವೆ? ಇನ್ನೊಂದು ವಿಷಯ. ಮೂಲೆಯಲ್ಲಿ ಹಳೇ ಹಾಥಾರ್ನ್ ಮುಳ್ಳುಮರ ಇದೆ. ಅದನ್ನು ತೆಗೆದು ಶೆಡ್ ಹಾಕೋಣ ಅಂತ ಮನೆಯವರು. ಗ್ಯಾರೇಜಿನ ಪಕ್ಕ ಜಾಗ ಇದ್ದರೂ ಅವರಿಗೆ ಅಲ್ಲೇ ಆಗಬೇಕು. ಕಡಿಯಲು ಕರೆದವನು ಮರ ನೋಡಿ, ಬೇರೆ ಯಾರನ್ನಾದರೂ ಕೇಳಿ ಎಂದು ಹೊರಟೇ ಹೋದ. ಇದೆಲ್ಲ ಮೂಢನಂಬಿಕೆ ಅಲ್ವಾ?’

ಸಂಪಾದಕರ ಉತ್ತರ:

ಹಾಗೆ ಹೊರಟುಹೋದವನನ್ನು ಹುಡುಕಿ, ನಮ್ಮ ಲೆಕ್ಕದಲ್ಲಿ ಒಂದು ಚಹಾ ಕುಡಿಸಿ.

ಮೂಢನಂಬಿಕೆ ಎಂಬ ಮಾತಿಗೂ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. 1895ರಲ್ಲಿ ಟಿಪ್ಪರರಿ ಕೌಂಟಿಯಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ಹೆಂಗಸನ್ನು ಗಂಡನೇ ಸುಟ್ಟುಹಾಕಿದ. ಫೇರಿಗಳು ನನ್ನ ಹೆಂಡತಿಯನ್ನು ಒಯ್ದು ಇವಳನ್ನು ಬಿಟ್ಟುಹೋಗಿವೆ ಎಂದು ಅವನ ವಾದ. ಇಂಥ ನಂಬಿಕೆಯನ್ನು ಯಾರೂ ಮುದ್ದು ಮಾಡಬೇಕಿಲ್ಲ. ಮಗಳ ಪುಟ್ಟ ಬಾಗಿಲಿನಿಂದ ಯಾರಿಗೂ ಕೇಡಿಲ್ಲ, ಅದೂ ನಿಜ. ಆಡಿಕೊಳ್ಳಲಿ.

ಆದರೆ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ ತಾಯಿ. ಏನು ನೆಟ್ಟರೆ ಬರುತ್ತವೆ ಎಂದು ನೀವು ಕೇಳುತ್ತೀರಿ. ಏನು ಮಾಡಿದರೆ ಮನೆಯೊಳಗೆ ಬರುವುದಿಲ್ಲ ಎಂಬುದು ಐರ್ಲೆಂಡಿನ ಹಳ್ಳಿಯವರ ಚಿಂತೆಯಾಗಿತ್ತು! ತೊಟ್ಟಿಲ ಮೇಲೆ ಒಲೆಯ ಕಬ್ಬಿಣದ ಇಕ್ಕಳ ಅಡ್ಡ ಇಡುತ್ತಿದ್ದರು. ನಮ್ಮಲ್ಲಿ ಬಾಣಂತಿಯ ದಿಂಬಿನ ಕೆಳಗೆ ಕತ್ತಿ ಇಡುತ್ತಾರಲ್ಲ, ಅದೇ ಕಬ್ಬಿಣ, ಅದೇ ಭಯ. ಏಪ್ರಿಲ್ ಕೊನೆಯ ಸಂಜೆ ಹೊಸಿಲಿಗೆ ಹಳದಿ ಪ್ರಿಮ್‌ರೋಸ್ ಹೂ ಚೆಲ್ಲುತ್ತಿದ್ದರು. ಇವತ್ತು ಫೇರಿಗಳನ್ನು ಕರೆಯುವ ಹೂ ಎಂದು ಮಾರುವುದೂ ಅದನ್ನೇ. ಕತ್ತಲಾದ ಮೇಲೆ ಕಾಲು ತೊಳೆದ ನೀರನ್ನು ಹೊರಗೆ ಚೆಲ್ಲುವಾಗ ‘ಹುಷಾರು’ ಎಂದು ಕೂಗಿ ಚೆಲ್ಲುತ್ತಿದ್ದರು. ಹೊರಗಿರುವವರ ಮೈಮೇಲೆ ಬಿದ್ದೀತು ಅಂತ. ಹಸು ಈದರೆ ಗಿಣ್ಣುಹಾಲಿನಲ್ಲಿ ಒಂದು ಪಾಲು ಮುಳ್ಳುಮರದ ಬುಡಕ್ಕೆ. ನೆರೆಯವರೊಡನೆ ಇರುವ ರೀತಿ ಇದು. ಮರ್ಯಾದೆ ಕೊಡು, ದೂರ ಇರು.

ರೆಕ್ಕೆಯ ಬೆರಳುದ್ದದ ಸುಂದರಿಯರು ಬಂದದ್ದು ಇಂಗ್ಲಿಷರ ನಾಟಕದಿಂದ, ಚಿತ್ರದ ಪುಸ್ತಕಗಳಿಂದ. ಐರಿಷ್ ರೈತ ಕಂಡವರು ಬಹುಪಾಲು ಮನುಷ್ಯರಷ್ಟೇ ಎತ್ತರದವರು, ರೆಕ್ಕೆ ಇಲ್ಲ, ಸಿಟ್ಟು ಜಾಸ್ತಿ. 1917ರಲ್ಲಿ ಯಾರ್ಕ್‌ಶೈರಿನ ಕಾಟಿಂಗ್ಲಿಯಲ್ಲಿ ಇಬ್ಬರು ಹುಡುಗಿಯರು ಕಾಗದದ ಫೇರಿಗಳನ್ನು ಕತ್ತರಿಸಿ, ಟೋಪಿ ಪಿನ್ನು ಚುಚ್ಚಿ ನಿಲ್ಲಿಸಿ ಫೋಟೋ ತೆಗೆದರು. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಸಾಹೇಬರು 1920ರಲ್ಲಿ ಅದನ್ನು ನಿಜವೆಂದು ಪತ್ರಿಕೆಯಲ್ಲಿ ಬರೆದರು. ಕಾಗದ ಎಂದು ಆ ಹುಡುಗಿಯರು ಒಪ್ಪಿಕೊಂಡದ್ದು 1983ರಲ್ಲಿ, ಮುದುಕಿಯರಾದ ಮೇಲೆ. ನಿಮ್ಮ ಮಗಳ ಗೆಳತಿಯರ ಹಿತ್ತಲಲ್ಲಿರುವ ರಾಳದ ಗೊಂಬೆಗಳು ಆ ಕಾಗದದ ಮೊಮ್ಮಕ್ಕಳು.

ನಿಮ್ಮ ಮುಳ್ಳುಮರದ ಕಥೆಯೇ ಬೇರೆ. ಐರ್ಲೆಂಡಿನ ಹೊಲಗಳಲ್ಲಿ ದುಂಡಗಿನ ಮಣ್ಣಿನ ದಿಬ್ಬಗಳನ್ನು ನೋಡಿರುತ್ತೀರಿ. ಸಾವಿರ, ಒಂದೂವರೆ ಸಾವಿರ ವರ್ಷದ ಹಿಂದೆ ರೈತರು ಸುತ್ತ ದಿಬ್ಬ ಹಾಕಿಕೊಂಡು ಬಾಳಿದ ಮನೆಗಳವು. ಜನ ಅವನ್ನು ಫೇರಿ ಕೋಟೆ ಎಂದರು, ನೇಗಿಲು ತಾಗಿಸಲಿಲ್ಲ. ಟ್ರ್ಯಾಕ್ಟರು, ಬುಲ್ಡೋಜರು ಬಂದ ಮೇಲೆ ಎಷ್ಟೋ ಹೋದವು. ಆದರೂ ಗುರುತಾಗಿರುವವು 40 ಸಾವಿರಕ್ಕೂ ಹೆಚ್ಚು. ಪುರಾತತ್ವ ಇಲಾಖೆ ಹುಟ್ಟುವ ಮೊದಲು ಇವನ್ನು ಕಾದದ್ದು ಯಾವ ಕಾನೂನು? ಹೊಲದ ನಡುವೆ ಒಂಟಿಯಾಗಿ ನಿಂತ ಹಾಥಾರ್ನ್‌ಗೂ ಅದೇ ಕಾವಲು.

1999ರಲ್ಲಿ ಕ್ಲೇರ್ ಕೌಂಟಿಯ ಲಟೂನ್‌ನಲ್ಲಿ ಹೆದ್ದಾರಿಗೆ ಅಡ್ಡವಾಗಿ ಇಂಥದ್ದೇ ಒಂದು ಮರ ಸಿಕ್ಕಿತು. ಎಡ್ಡಿ ಲೆನಿಹಾನ್ ಎಂಬ ಕಥೆ ಹೇಳುವವರು ಪತ್ರಿಕೆಗೆ ಬರೆದರು. ಮನ್‌ಸ್ಟರ್ ಸೀಮೆಯ ಫೇರಿಗಳು ಕಾನಾಟ್ ಸೀಮೆಯವರ ಮೇಲೆ ಯುದ್ಧಕ್ಕೆ ಹೊರಡುವ ಮುಂಚೆ ಇಲ್ಲಿ ಸೇರುತ್ತಾರೆ, ಕಡಿದರೆ ಆ ರಸ್ತೆಯಲ್ಲಿ ಹೋಗುವವರಿಗೆ ಒಳ್ಳೆಯದಾಗದು ಎಂದು. ನಕ್ಕವರು ನಕ್ಕರು. ಆದರೆ ಎಂಜಿನಿಯರುಗಳು ಮರವನ್ನು ಉಳಿಸಿಕೊಂಡೇ ರಸ್ತೆ ಮಾಡಿದರು, ಸುತ್ತ ಬೇಲಿ ಹಾಕಿದರು. 2002ರಲ್ಲಿ ಯಾರೋ ಗರಗಸದ ಯಂತ್ರ ತಂದು ಕೊಂಬೆಗಳನ್ನೆಲ್ಲ ಕತ್ತರಿಸಿದರು. ಮರ ಮತ್ತೆ ಚಿಗುರಿತು. ಪತ್ರಿಕೆಗೆ ಬರುವ ಪತ್ರಗಳಿಂದ ಏನಾಗುತ್ತದೆ ಎಂದು ಕೇಳುವವರು ಇದನ್ನು ಓದಲಿ.

ಈಗ ನಿಮ್ಮ ತೋಟ. ಮುಳ್ಳುಮರದ ಸುತ್ತ ನಾಲ್ಕು ಹೆಜ್ಜೆ ಜಾಗ ಬಿಡಿ. ಅಲ್ಲಿ ಹುಲ್ಲು ಕತ್ತರಿಸುವ ಯಂತ್ರ ಹೋಗಬಾರದು. ಮೇ ತಿಂಗಳಲ್ಲಿ ಮರ ಬೆಳ್ಳಗೆ ಹೂ ಬಿಡುತ್ತದೆ, ಜೇನು ಮುತ್ತುತ್ತದೆ. ಹೂವನ್ನು ಮನೆಯೊಳಗೆ ತರಬೇಡಿ. ಅಪಶಕುನ ಎನ್ನುತ್ತಾರೆ, ಅದರ ವಾಸನೆ ನೋಡಿದರೆ ಯಾಕೆಂದು ನಿಮಗೇ ತಿಳಿಯುತ್ತದೆ. ಕೆಂಪು ಹಣ್ಣು ಚಳಿಗಾಲದ ಹಕ್ಕಿಗಳಿಗೆ. ಬುಡದಲ್ಲಿ ಪ್ರಿಮ್‌ರೋಸ್, ಬಿಸಿಲು ಬೀಳುವ ಕಡೆ ಕಾಡು ಥೈಮ್, ನೆರಳಂಚಿಗೆ ಫಾಕ್ಸ್‌ಗ್ಲವ್ ಬೀಜ. ಫಾಕ್ಸ್‌ಗ್ಲವ್‌ಗೆ ಮೊದಲ ವರ್ಷ ಬರೀ ಎಲೆ, ಎರಡನೇ ವರ್ಷ ಹೂಗೊಂಚಲು. ಮಗಳಿಗೆ ಕಾಯಲು ಕಲಿಸಿ, ಮುಟ್ಟದಿರಲೂ ಕಲಿಸಿ. ಗಿಡವೆಲ್ಲ ವಿಷ. ಹೃದಯದ ಔಷಧಿಯೂ ಅದೇ ಕುಲದ್ದು. ಫೇರಿ ಗಿಡ ಎಂದರೆ ಸುಮ್ನೆ ಅಲ್ಲ.

ಪುತ್ತೂರಿನವರು ಅಂದಿರಿ. ಊರಿನ ನಾಗಬನ ಹೇಗಿದೆ ಈಗ? ನಾವು ನೋಡಿದ ಎಷ್ಟೋ ಕಡೆ ನೆಲಕ್ಕೆ ಸಿಮೆಂಟು, ಕಟ್ಟೆಗೆ ಗ್ರಾನೈಟು, ಸುತ್ತ ಸ್ಟೀಲಿನ ಗ್ರಿಲ್ಲು. ಬೇರು ಕಟ್ಟೆಯನ್ನು ಒಡೆಯುತ್ತದೆ ಎಂದು ಮರವನ್ನೇ ತೆಗೆದಿದ್ದಾರೆ. ಹಾವಿಗೆ ನೆರಳಿಲ್ಲ, ಪೂಜೆಗೆ ಮೈಕ್ ಇದೆ. ಮಲೆನಾಡಿನ ದೇವರಕಾಡು, ಬಯಲುಸೀಮೆಯ ಗುಂಡುತೋಪು, ಎಲ್ಲ ಒತ್ತುವರಿಯ ಬಾಯಿಗೆ. ಭಕ್ತಿ ಕಡಿಮೆಯಾಗಿಲ್ಲ ಸ್ವಾಮಿ, ಜಾಸ್ತಿಯೇ ಆಗಿದೆ. ಸುಮ್ಮನೆ ಬಿಟ್ಟ ಜಾಗ ಕಂಡರೆ ನಮಗೆ ಕೈ ತುರಿಸುತ್ತದೆ, ಅಷ್ಟೇ. ಮೂಢನಂಬಿಕೆ ಬೇಡ ಎನ್ನುವವರಿಗೆ ಸೈಟು ಕಾಣುತ್ತದೆ. ನಂಬುವವರಿಗೆ ಟೈಲ್ಸ್ ಕಾಣುತ್ತದೆ.

ಇನ್ನೊಂದು ಹೊಟ್ಟೆಯುರಿ. 1937ರಿಂದ 1939ರವರೆಗೆ ಐರ್ಲೆಂಡಿನ ಸುಮಾರು 50 ಸಾವಿರ ಶಾಲಾಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ತಮ್ಮ ಊರಿನ ಕಥೆಗಳನ್ನು ಬರೆದರು. ಯಾವ ಹೊಲದಲ್ಲಿ ಯಾವ ಮರ, ಅದನ್ನು ಮುಟ್ಟಿದವನಿಗೆ ಏನಾಯಿತು, ಎಲ್ಲ. ಆ ಬರಹ ಡಬ್ಲಿನ್ ವಿಶ್ವವಿದ್ಯಾಲಯವೊಂದರಲ್ಲಿ ಜೋಪಾನವಾಗಿದೆ, ಅಂತರ್ಜಾಲದಲ್ಲೂ ಓದಲು ಸಿಗುತ್ತದೆ. ನಮ್ಮ ಮಕ್ಕಳ ಶಾಲಾ ಪ್ರಾಜೆಕ್ಟ್ ಮಾತ್ರ ಜೆರಾಕ್ಸ್ ಅಂಗಡಿಯವನು ಮಾಡಿಕೊಡುತ್ತಾನೆ. ಅಜ್ಜಿ ಪಕ್ಕದ ಕೋಣೆಯಲ್ಲೇ ಇರುತ್ತಾಳೆ, ಯಾರೂ ಕೇಳುವುದಿಲ್ಲ. ಮಗಳನ್ನು ಕೂರಿಸಿಕೊಂಡು ಕಿಲ್ಡೇರಿನ ಪುಟಗಳನ್ನು ಹುಡುಕಿ. ನಿಮ್ಮ ಊರಿನ ಹೆಸರೇ ಸಿಕ್ಕೀತು. ಆಮೇಲೆ ಪುತ್ತೂರಿನ ಅಜ್ಜಿಗೂ ಫೋನ್ ಹಚ್ಚಿ.

ಶೆಡ್ ಗ್ಯಾರೇಜಿನ ಪಕ್ಕ ಹಾಕಿಸಿ, ಜಾಗ ಇದೆ ಎಂದು ನೀವೇ ಬರೆದಿದ್ದೀರಿ. ಹಕ್ಕಿಗಳು ಗೂಡು ಕಟ್ಟುವ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಐರ್ಲೆಂಡಿನಲ್ಲಿ ಬೇಲಿಸಾಲು ಕಡಿಯಲು ಕಾನೂನಿನ ತಡೆಯೂ ಇದೆ. ಹಿತ್ತಲ ಒಂಟಿ ಮರಕ್ಕೆ ಅದು ತಾಗುತ್ತದೋ ಇಲ್ಲವೋ, ಮನೆಯವರ ಮುಂದೆ ಹೇಳಲು ಒಂದು ಮಾತಾಯಿತು. ಅವರಿಗೆ ಸಿಟ್ಟು ಬಂದರೆ ನಮಗೇ ಪತ್ರ ಬರೆಯಲಿ. ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿರಿಸುತ್ತೇವೆ.