ಸೆನ್ಸರ್ ಬದಲಿಸುವ ಮೊದಲು ಅದರ ಮುಂದಿರುವ ಕವರ್ ನೋಡಿ

ಕೈಗೆ ಹಿಟ್ಟು, ಸ್ವಿಚ್ ದೂರ ಅಂತ ನಿಮ್ಮ ಪ್ರಶ್ನೆಯಲ್ಲಿ ಓದಿದ ಕೂಡಲೇ ನಮ್ಮ ಕಾಕು (ಚಿಕ್ಕಮ್ಮ) ಅವರ ರೊಟ್ಟಿ ಕೋಣೆ ನೆನಪಾಯಿತು. ಅಡುಗೆಮನೆಯ ಫ್ಯಾನು, ಲೈಟನ್ನು ಮುಟ್ಟದೆ ನಡೆಸಲು ಎಡ, ಬಲ, ಮೇಲೆ, ಕೆಳಗೆ ಅಂತ ನಾಲ್ಕು ಸನ್ನೆ ತಪ್ಪದೆ ಹಿಡಿಯುವ ಸೆನ್ಸರ್ ಯಾವುದು ಅಂತ ಕೇಳಿದ್ದೀರಿ. ನಾನು ಹುಡುಕಿದ್ದೂ ಅದನ್ನೇ.

ಕಾಕು ಹುಬ್ಬಳ್ಳಿಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ಎಕ್ಸಾಸ್ಟ್ ಫ್ಯಾನಿನ ಸ್ವಿಚ್ ಬಾಗಿಲ ಪಕ್ಕ, ಒಲೆ ಇನ್ನೊಂದು ಮೂಲೆಯಲ್ಲಿ. ಹೊಗೆ ತುಂಬಿದಾಗಲೆಲ್ಲ ಕೈ ತೊಳೆದು, ಒರೆಸಿಕೊಂಡು, ಹೋಗಿ ಒತ್ತಿ ಬರಬೇಕು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದಿರುತ್ತಿತ್ತು.

ನಾನು ತಂದದ್ದು ಎಪಿಡಿಎಸ್-9960. ಸಣ್ಣ ಚಿಪ್ಪು. ಒಳಗೊಂದು ಇನ್ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನ) ಎಲ್ಇಡಿ, ನಾಲ್ಕು ದಿಕ್ಕಿಗೆ ಬೆಳಕು ಅಳೆಯುವ ನಾಲ್ಕು ಫೋಟೊಡಯೋಡ್. ಕೈಗೆ ತಾಗಿ ವಾಪಸ್ ಬಂದ ಬೆಳಕು ಯಾವ ಡಯೋಡಿಗೆ ಮೊದಲು ಬಿತ್ತು, ಯಾವುದಕ್ಕೆ ಆಮೇಲೆ ಬಿತ್ತು ಅನ್ನುವುದರಿಂದ ಕೈ ಯಾವ ಕಡೆ ಸರಿಯಿತು ಅಂತ ಗೊತ್ತಾಗುತ್ತದೆ. ಅದನ್ನು ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿದೆ. ಫ್ಯಾನಿನ ಹತ್ತಿರ ಇನ್ನೊಂದು ಬೋರ್ಡು, ಅದು ಹೇಳಿದಂತೆ ಫ್ಯಾನನ್ನು ಆನ್, ಆಫ್ ಮಾಡುವ ಒಂದು ರಿಲೇ. ಮನೆಯ ಟೇಬಲ್ ಮೇಲೆ ಇಟ್ಟು ನೋಡಿದಾಗ ಒಂದು ಸನ್ನೆಯೂ ತಪ್ಪಲಿಲ್ಲ.

ಆಮೇಲೆ ಹಿಟ್ಟು ಒಳಗೆ ಹೋಗಬಾರದು ಅಂತ ಸೆನ್ಸರ್ ಇಟ್ಟ ಡಬ್ಬಿಯ ಬಾಯಿಗೆ ಪಾರದರ್ಶಕ ಅಕ್ರಿಲಿಕ್ ತುಂಡು ಅಂಟಿಸಿದೆ. ಕೆಟ್ಟದ್ದು ಇಲ್ಲೇ. ಸ್ವಲ್ಪ ಉದ್ದವಾದರೂ ಇದನ್ನು ಬಿಡಿಸಿ ಹೇಳುತ್ತೇನೆ. ಏಕೆಂದರೆ ಇಂಥ ಡಬ್ಬಿ ಮಾಡುವವರೆಲ್ಲ ಮೊದಲು ಹಾಕುವುದು ಈ ಕವರನ್ನೇ.

ಅಕ್ರಿಲಿಕ್ ನಮ್ಮ ಕಣ್ಣಿಗೆ ಪಾರದರ್ಶಕ. ಆದರೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಅದರ ಒಂದೊಂದು ಮುಖವೂ ವಾಪಸ್ ಕಳಿಸುತ್ತದೆ. ಕಡಿಮೆ ಅನಿಸುತ್ತದೆ ಅಲ್ವಾ? ಹತ್ತು ಹನ್ನೆರಡು ಸೆಂಟಿಮೀಟರ್ ದೂರದ ಕೈಯಿಂದ ಆ ಪುಟ್ಟ ಡಯೋಡಿಗೆ ಬರುವ ಬೆಳಕು ಅದಕ್ಕಿಂತಲೂ ತೀರಾ ಕಡಿಮೆ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ರಸ್ತೆ ಕಾಣುವ ಬದಲು ನಮ್ಮದೇ ಬೆಳಕು ಕಣ್ಣಿಗೆ ಬಡಿಯುತ್ತದಲ್ಲ, ಹಾಗೆ. ಚಿಪ್ಪಿಗೂ ಅಕ್ರಿಲಿಕ್‌ಗೂ ನಡುವೆ ಜಾಗ ಬಿಟ್ಟಷ್ಟೂ ಹೀಗೆ ವಾಪಸ್ ಬರುವ ಬೆಳಕು ಜೋರಾಗುತ್ತದೆ. ನಾನು ಬೆರಳಗಲ ಬಿಟ್ಟಿದ್ದೆ.

ಇನ್ನೊಂದು ವಿಷಯ. ಈ ಚಿಪ್ಪಿಗೆ ಎರಡು ಮಿತಿ ಕೊಡಬೇಕು. ಎಲ್ಲರೂ ಬಳಸುವ ಒಂದು ಆರ್ಡುಯಿನೊ ಲೈಬ್ರರಿಯಲ್ಲಿ (ಇಂಥ ಬೋರ್ಡಿಗೆ ಸಿಗುವ ಸಿದ್ಧ ಕೋಡ್) ಸನ್ನೆ ಶುರುವಾಗುವ ಮಿತಿ 40, ಮುಗಿಯುವ ಮಿತಿ 30. ವಾಪಸ್ ಬಂದ ಬೆಳಕಿನ ಅಳತೆ 0ಯಿಂದ 255ರವರೆಗೆ. ಕೈ ಹೋದ ಮೇಲೆ ಅಂಕಿ 30ರ ಕೆಳಗೆ ಇಳಿದರೆ ಮಾತ್ರ ಸನ್ನೆ ಮುಗಿಯಿತು ಅಂತ ಲೆಕ್ಕ. ಕವರಿನಿಂದ ಬರುವ ಬೆಳಕೇ 30 ದಾಟಿದರೆ? ಕೈ ತೆಗೆದರೂ ಚಿಪ್ಪಿನ ಪಾಲಿಗೆ ಕೈ ಅಲ್ಲೇ ಇದೆ. ಸನ್ನೆ ಮುಗಿಯುವುದೇ ಇಲ್ಲ, ಕೋಡ್ ಅಲ್ಲೇ ಕಾಯುತ್ತಾ ನಿಲ್ಲುತ್ತದೆ.

ನಾನು ಮಿತಿಗಳನ್ನು ಏರಿಸಿದೆ. ಸರಿಹೋಯಿತು ಅನಿಸಿತು. ಆದರೆ ಮಿತಿ ಏರಿಸಿದ್ದರಿಂದ ಕೈಯನ್ನು ಇನ್ನೂ ಹತ್ತಿರ ತರಬೇಕಾಯಿತು. ಹತ್ತಿರ ತಂದಾಗ ಬೆರಳಿನ ಹಿಟ್ಟು ಅಕ್ರಿಲಿಕ್‌ಗೆ ಮೆತ್ತಿತು. ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿದಾಗ ಏಳುವ ಹಬೆ ಆ ಹಿಟ್ಟನ್ನು ಅಂಟಾಗಿಸಿತು. ಬಿಳಿ ಪದರ ದಪ್ಪವಾದಂತೆ ವಾಪಸ್ ಬರುವ ಬೆಳಕೂ ಜಾಸ್ತಿಯಾಯಿತು. ನಾನು ಮತ್ತೆ ಮಿತಿ ಏರಿಸಿದೆ. ಒಂದು ಬೆಳಿಗ್ಗೆ ಕಾಕು ಫೋನ್ ಮಾಡಿದರು: "ಏನಪಾ, ಇದು ತಾನ ಚಾಲೂ ಆಗತೈತಿ, ತಾನ ಬಂದ್ ಆಗತೈತಿ. ಹೊಗಿಯೊಳಗ ಕಣ್ಣು ಬಿಡಾಕ ಬರವಲ್ದು." ದೊಡ್ಡ ಆರ್ಡರ್ ಇದ್ದ ದಿನ ಅದು. ಅರ್ಧದಷ್ಟು ರೊಟ್ಟಿ ಕೊಡಲಾಗದೆ ಒಂದು ಖಾನಾವಳಿ ಕೈತಪ್ಪಿತು.

ಆದ್ದರಿಂದ ಸೆನ್ಸರ್ ಹೆಸರು ಹೇಳುವ ಮೊದಲು ನಿಮ್ಮ ಪಟ್ಟಿಯನ್ನೇ ಬೇಡ ಅನ್ನುತ್ತೇನೆ. ನಾಲ್ಕು ಸನ್ನೆ ಬೇಡ. ಒಂದು ಸಾಕು. ಅದೂ ಬೀಸುವ ಸನ್ನೆಯಲ್ಲ, ಸುಮ್ನೆ ಅಂಗೈ ಒಂದು ಸೆಕೆಂಡ್ ಹಿಡಿದು ನಿಲ್ಲಿಸುವುದು. ಪಾತ್ರೆ ಎತ್ತುವಾಗ ಕೈ ಆಚೀಚೆ ಹೋಗುತ್ತಲೇ ಇರುತ್ತದೆ, ಬೀಸಿದ್ದಕ್ಕೆಲ್ಲ ಫ್ಯಾನು ತಿರುಗಿದರೆ ಗತಿಯೇನು? ಒಂದೇ ಸನ್ನೆಗೆ ಆನ್, ಅದಕ್ಕೇ ಆಫ್ ಅನ್ನುವ ಲೆಕ್ಕವೂ ಬೇಡ. ಒಂದು ಸಲ ತಪ್ಪಿದರೆ ಮುಂದಿನದೆಲ್ಲ ಉಲ್ಟಾ ಆಗುತ್ತದೆ. ಈಗ ಕಾಕು ಅವರಲ್ಲಿ ಸನ್ನೆ ಮಾಡಿದರೆ ಫ್ಯಾನು ಶುರುವಾಗುತ್ತದೆ, ಅಷ್ಟೇ. ಇಪ್ಪತ್ತು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ನಡುವೆ ಮತ್ತೆ ಕೈ ಹಿಡಿದರೆ ಇಪ್ಪತ್ತು ನಿಮಿಷ ಹೊಸದಾಗಿ ಶುರು. ಹಳೆಯ ಗೋಡೆ ಸ್ವಿಚ್ಚನ್ನೂ ಹಾಗೇ ಬಿಟ್ಟಿದ್ದೇನೆ.

ಕವರ್ ಕಿತ್ತುಹಾಕಿದೆ. ಸೆನ್ಸರನ್ನು ಶೆಲ್ಫಿನ ಅಡಿಗೆ ನೆಲ ನೋಡುವಂತೆ ಬೋರಲು ಕೂರಿಸಿದೆ, ಹಿಟ್ಟು ಅದರ ಮೇಲೆ ಕೂರುವುದಿಲ್ಲ. ಎರಡು ಬೋರ್ಡುಗಳೂ ಇಎಸ್‌ಪಿ-ನೌ ಅನ್ನುವ ನಿಸ್ತಂತು ವಿಧಾನದ ಮೂಲಕ ರೂಟರ್ ಇಲ್ಲದೆ ನೇರ ಮಾತಾಡುತ್ತವೆ, ಕರೆಂಟ್ ಹೋಗಿ ಬಂದಾಗ ರೂಟರ್ ಏಳಲಿ ಅಂತ ಕಾಯಬೇಕಿಲ್ಲ. ರಿಲೇ ಕಡೆಯಿಂದ ಉತ್ತರ ಬಂದರೆ ಮಾತ್ರ ಸೆನ್ಸರ್ ಪಕ್ಕದ ಹಸಿರು ದೀಪ ಹೊತ್ತುತ್ತದೆ. ಈ ದೀಪ ಬಿಡಲೇಬೇಡಿ. ದೀಪ ಕಾಣದಿದ್ದರೆ ಜನ ಮತ್ತೆ ಮತ್ತೆ ಕೈ ಆಡಿಸುತ್ತಾರೆ.

ಪಿಎಜೆ-7620 ಅನ್ನುವ ಇನ್ನೊಂದು ಸೆನ್ಸರ್ ತಗೊಂಡರೆ ಒಂಬತ್ತು ಸನ್ನೆ ಸಿಗುತ್ತವೆ ಅಂತ ಯಾರಾದರೂ ಹೇಳಬಹುದು. ಅದೂ ಇನ್ಫ್ರಾರೆಡ್ಡೇ, ಕವರಿನ ಕಾಟ ಅದಕ್ಕೂ ಇದೆ. ರೇಡಾರ್ ಪ್ಲಾಸ್ಟಿಕ್ ದಾಟಿ ನೋಡುತ್ತದೆ ನಿಜ. 2019ರ ಪಿಕ್ಸೆಲ್ 4 ಫೋನಿನಲ್ಲಿ 60 ಗಿಗಾಹರ್ಟ್ಸ್‌ನ ಅಂಥದ್ದೇ ಇತ್ತು, ಆ ಫೋನು ಭಾರತಕ್ಕೆ ಬರಲೇ ಇಲ್ಲ. ಒಂದು ಫ್ಯಾನಿಗೆ ಅಷ್ಟು ಬೇಕಿಲ್ಲ. ನೀವು ನಿಂತು ಕೆಲಸ ಮಾಡುವವರಾದರೆ ಕಾಲಲ್ಲಿ ಒತ್ತುವ ಸ್ವಿಚ್ ಇವೆಲ್ಲಕ್ಕಿಂತ ಮೇಲು. ಕೈಗೆ ತಾನೇ ಹಿಟ್ಟು, ಕಾಲು ಖಾಲಿಯೇ ಇರುತ್ತದಲ್ಲ.

ಕವರ್ ಹಾಕಲೇಬೇಕು ಅಂದರೆ ಎಲ್ಇಡಿಗೂ ಡಯೋಡಿಗೂ ನಡುವೆ ಕಪ್ಪು ರಬ್ಬರಿನ ತಡೆ ಇಡಿ, ಅದು ಕವರಿಗೆ ತಾಗುವಂತಿರಲಿ. ಕೋಡ್ ಬರೆಯುವ ಮೊದಲು ಕವರ್ ಇಲ್ಲದೆ, ಕವರ್ ಹಾಕಿ, ಕವರಿಗೆ ಹಿಟ್ಟು ಸವರಿ ಮೂರೂ ಸಲ ಕೈ ಹಿಡಿಯದೆ ಬರುವ ಅಂಕಿ ಬರೆದುಕೊಳ್ಳಿ. ಆ ಮೂರು ಅಂಕಿ ಇಲ್ಲಿ ಹಾಕಿದರೆ ಮಿತಿ ಎಷ್ಟಿಡಬೇಕು ಅಂತ ಕೂತು ನೋಡೋಣ.