ಚಪ್ಪರದ ತೊಲೆಗೆ ದುಂಬಿ ಕಾಟ

ಪ್ರಶ್ನೆ: ಮೇಡಂ, ನಾವಿರುವುದು ನೈರೋಬಿಯಲ್ಲಿ. ಹಿತ್ತಿಲ ಮರದ ಚಪ್ಪರದ ತೊಲೆಗೆ ಕರಿ ದುಂಬಿಯೊಂದು ತೂತು ಕೊರೆದು ಕೆಳಗೆಲ್ಲ ಹೊಟ್ಟು ಉದುರಿಸುತ್ತಿದೆ. ಬೆನ್ನ ಮೇಲೆ ಎರಡು ಹಳದಿ ಪಟ್ಟೆ. ಮೈಯೆಲ್ಲ ಹಳದಿ ಕೂದಲಿರುವ ಇನ್ನೊಂದು ಜಾತಿಯದು ಮುಖದೆದುರೇ ಬಂದು ನಿಲ್ಲುತ್ತದೆ. ಅತ್ತೆ ತೂತಿಗೆ ಸೀಮೆಎಣ್ಣೆ ಬಿಡು ಅಂತಾರೆ. ಬಿಡಲೇ?
– ಓದುಗರು, ನೈರೋಬಿ

ಉತ್ತರ: ಬೇಡ ತಾಯಿ, ಡಬ್ಬಿ ಒಳಗಿಡಿ. ನೀವು ಹೇಳಿದ ಗುರುತು ನೋಡಿದರೆ ಎರಡೂ ಒಂದೇ ಜಾತಿ, ಸೈಲೋಕೋಪ ಕ್ಯಾಫ್ರ. ಕರಿಯದು ಹೆಣ್ಣು, ಹಳದಿಯದು ಗಂಡು. ಎದುರು ನಿಂತು ಗದರುವ ಗಂಡಿಗೆ ಕೊಂಡಿಯೇ ಇಲ್ಲ, ಬರೀ ಜಬರ್ದಸ್ತು. ಹೆಣ್ಣಿಗೆ ಇದೆ, ಆದರೆ ಹಿಡಿದು ಹಿಸುಕದಿದ್ದರೆ ಅವಳಿಗೆ ನಿಮ್ಮ ಗೊಡವೆ ಬೇಕಿಲ್ಲ.

ಅವಳು ಮರ ತಿನ್ನುವುದಿಲ್ಲ. ದವಡೆಯಲ್ಲಿ ಕೊರೆದು, ಪರಾಗ ಮಕರಂದ ಕಲಸಿದ ಉಂಡೆಯಿಟ್ಟು, ಅದಕ್ಕೊಂದು ಮೊಟ್ಟೆ, ಮರದ ಪುಡಿಯದೇ ಅಡ್ಡಗೋಡೆ, ಮತ್ತೆ ಉಂಡೆ, ಮತ್ತೆ ಮೊಟ್ಟೆ. ಒಳಗೆ ವಠಾರವೇ ಇದೆ ಅನ್ನಿ. ನನಗೆ ಬಲು ಇಷ್ಟವಾದದ್ದು ಇನ್ನೊಂದು: ಹೆಣ್ಣಿನ ಹೊಟ್ಟೆಯ ಮೊದಲ ಖಂಡದಲ್ಲಿ ಪುಟ್ಟದೊಂದು ಚೀಲವಿದೆ, ಅದರೊಳಗೆ ನುಸಿಗಳು. ಗೂಡಿನಿಂದ ಗೂಡಿಗೆ ಅವನ್ನು ಹೊತ್ತೇ ಓಡಾಡುತ್ತಾಳೆ!

ಇನ್ನು ನಿಮ್ಮ ಅತ್ತೆಯವರಿಗೆ ಎಣ್ಣೆಗಾಯಿ ಇಷ್ಟವೋ? ಹಾಗಿದ್ದರೆ ಹೇಳಿ: ಬದನೆ ಹೂವಿನ ಪರಾಗ ಕೋಶದ ತುದಿಯ ಸಣ್ಣ ರಂಧ್ರದಲ್ಲಷ್ಟೇ ಹೊರಬರುವುದು, ಅದೂ ಚೆನ್ನಾಗಿ ಅದುರಿಸಿದರೆ. ಈ ದುಂಬಿ ಹೂವನ್ನು ಅವುಚಿಕೊಂಡು ಝುಂಯ್ ಎಂದು ಮೈ ಅದುರಿಸಿ ಪರಾಗ ಉದುರಿಸುತ್ತದೆ. ಜೇನುನೊಣಕ್ಕೆ ಆ ವಿದ್ಯೆ ಬರದು. ಕೀನ್ಯಾದ ದಕ್ಷಿಣದಲ್ಲಿರುವ ಎನ್‌ಗುರುಮಾನ್‌ನ ಬದನೆ ಹೊಲಗಳ ಬಗ್ಗೆ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪರಾಗ ಹಚ್ಚುವ ಮುಖ್ಯ ಕೆಲಸಗಾರರು ಎರಡೇ ಜಾತಿ. ಅದರಲ್ಲಿ ಒಂದು ಇದೇ. ಪಕ್ಕದ ಕಾಡುಗಿಡಗಳ ಆಸರೆ ಇಲ್ಲದಿದ್ದರೆ ಅವು ಹೊಲಕ್ಕೂ ಬರಲಾರವು.

ತೊಲೆಯ ಚಿಂತೆಯೂ ಸುಳ್ಳಲ್ಲ. ಬಣ್ಣ ಕಾಣದ ಮೆತ್ತನೆಯ ಒಣಮರ ಅಂದರೆ ಅವಳಿಗೆ ಪ್ರಾಣ. ಲೋಳೆಸರದ ಜಾತಿಯ ಗಿಡಗಳ ದಪ್ಪ ಹೂದಂಟು ಒಣಗಿದ್ದು ನಿಮ್ಮಲ್ಲಿ ಸಿಕ್ಕೀತು. ನಾಲ್ಕು ಕಟ್ಟಿ ಬೇಲಿಗೆ ತೂಗುಹಾಕಿ, ಅಲ್ಲೂ ಗೂಡು ಮಾಡುತ್ತಾಳೆ. ಮರಿಗಳು ಹಾರಿಹೋದ ಮೇಲೆ ತೊಲೆಯ ತೂತಿಗೆ ಮರದ ಬಿರಡೆ ಬಡಿದು, ನಾಲ್ಕೂ ಮಗ್ಗುಲಿಗೆ ಪೇಂಟ್ ಹೊಡೆಸಿ. ಕೆಳಮಗ್ಗುಲನ್ನು ಪೇಂಟರು ಬಿಟ್ಟುಬಿಡುತ್ತಾರೆ, ನಿಂತು ನೋಡಿಕೊಳ್ಳಿ.