ಆರನೆಯ ದಿನದ ಈರುಳ್ಳಿ

ಕಳೆದ ಸಂಚಿಕೆಯಲ್ಲಿ ಚಾರಣದ ಚೀಲ ತುಂಬುವ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲುಪಾಲು ಚೀಲ ಬಿಟ್ಟು ಊಟದ ಬಗ್ಗೆಯೇ ಕೇಳಿವೆ. ಗುಂಪಿನ ಸ್ಟವ್ ಹೊತ್ತು ಇಪ್ಪತ್ತೆರಡು ವರ್ಷ ಬೆಟ್ಟ ಹತ್ತಿದವಳಿಗೆ ಇದಕ್ಕಿಂತ ಖುಷಿ ಬೇಕೇ?

ಮೇಡಂ, ಚಾರಣದಲ್ಲಿ ನೀವು ಮರೆಯಲಾಗದ ಊಟ ಯಾವುದು? ಹಸಿದಾಗ ಎಲ್ಲವೂ ರುಚಿ ಅಂತ ಮಾತ್ರ ಹೇಳಬೇಡಿ, ಅದು ಗೊತ್ತು.

ಹೇಳುವುದಿಲ್ಲ. ಅದು ಪೂರ್ತಿ ನಿಜವೂ ಅಲ್ಲ. ನಾಲ್ಕು ಸಾವಿರ ಮೀಟರ್ ಹತ್ತಿರವಾಗುತ್ತಿದ್ದಂತೆ ಎಷ್ಟೋ ಜನರ ಹಸಿವೇ ಸತ್ತುಹೋಗುತ್ತದೆ. ದಿನವಿಡೀ ನಡೆದ ಮೈ ಊಟ ಬೇಕೆನ್ನುತ್ತದೆ, ಬಾಯಿ ಬೇಡವೆನ್ನುತ್ತದೆ.

ನನ್ನ ಊಟದ ಕಥೆ ಅಂಥದ್ದೇ ಒಂದು ಎತ್ತರದ್ದು. ಎಂಟು ದಿನದ ನಡಿಗೆ, ಆರು ಜನ, ದಾರಿಯಲ್ಲಿ ಒಂದು ಮನೆಯೂ ಇಲ್ಲ. ಊಟದ ಲೆಕ್ಕ ನನ್ನದು. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಪಿಷ್ಟಕ್ಕೆ 4. ನೀರಿಗೆ ಸೊನ್ನೆ, ಹೊರುವ ಭಾರ ಮಾತ್ರ ಪೂರ್ತಿ. ಹಾಗಾಗಿ ನೀರಿರುವುದೇನೂ ಬೇಡ, ಎಲ್ಲ ಒಣಗಿದ್ದೇ ಇರಲಿ ಎಂದು ತಲೆಗೆ ದಿನಕ್ಕೆ 700 ಗ್ರಾಂ ತೂಗಿ ಕಟ್ಟಿದ್ದೆ. ಬಿಸ್ಕತ್ತಿನ ರಟ್ಟಿನ ಡಬ್ಬಿಯನ್ನೂ ಬಿಚ್ಚಿ ಮನೆಯಲ್ಲೇ ಬಿಟ್ಟಿದ್ದೆ. ಆ ಪಟ್ಟಿಯ ಬಗ್ಗೆ ನನಗಿದ್ದ ಜಂಬ ಅಷ್ಟಿಷ್ಟಲ್ಲ.

ಐದನೆಯ ದಿನದ ಹೊತ್ತಿಗೆ ಎಲ್ಲವೂ ಒಂದೇ ಬಣ್ಣವಾಗಿತ್ತು. ನೂಡಲ್ಸ್, ಬೇಳೆ, ಆಲೂಗಡ್ಡೆ ಪುಡಿ ಎಲ್ಲದಕ್ಕೂ ಅದೇ ಉಪ್ಪು, ಅದೇ ಮೆತ್ತಗೆ. ಆರನೆಯ ಸಂಜೆ ಆಲಿಕಲ್ಲು ಬಿತ್ತು. ಇಬ್ಬರು ಊಟ ಬೇಡವೆಂದು ಟೆಂಟಿನ ಜಿಪ್ ಎಳೆದುಕೊಂಡು ಮಲಗಿಬಿಟ್ಟರು. ಆಗ ನಮ್ಮಲ್ಲಿ ಹಿರಿಯರು, ನಾವೆಲ್ಲ ಅಣ್ಣ ಅನ್ನುವವರು, ತಮ್ಮ ಚೀಲದ ತಳಕ್ಕೆ ಕೈಹಾಕಿ ಒಂದು ಉಣ್ಣೆಯ ಕಾಲುಚೀಲ ತೆಗೆದರು. ಅದರೊಳಗೆ ಒಂದು ಈರುಳ್ಳಿ.

ಮೊದಲು ನನಗೆ ಬಂದದ್ದು ಸಿಟ್ಟು. ಏನಿಲ್ಲವೆಂದರೂ ಇನ್ನೂರು ಗ್ರಾಂ! ಈರುಳ್ಳಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು, 100 ಗ್ರಾಂ ತಿಂದರೆ ಸಿಗುವುದು ಬರೀ 40 ಕ್ಯಾಲೊರಿ. ನನ್ನ ಪಟ್ಟಿಯ ಪ್ರಕಾರ ಅದನ್ನು ಬೆಟ್ಟ ಹತ್ತಿಸುವುದು ಪಾಪ. "ತೂಗುವಾಗ ತೋರಿಸಿದ್ದರೆ ನೀನು ತೆಗೆಸಿಬಿಡುತ್ತಿದ್ದೆ" ಅಂದರು ಅಣ್ಣ. ಹೌದು, ತೆಗೆಸುತ್ತಿದ್ದೆ.

ಪಾತ್ರೆಯ ಮುಚ್ಚಳ ಬೋರಲು ಹಾಕಿ ಅದರ ಮೇಲೆ ಹೆಚ್ಚಿದೆ. ಹೊರಗಿನ ಎರಡು ಪದರ ಹಿಮಕ್ಕೆ ಸಿಕ್ಕಿ ಗಾಜಿನಂತೆ ಪಾರದರ್ಶಕವಾಗಿ ಮೆತ್ತಗಾಗಿದ್ದವು. ಒಳಗೆ ಮಾತ್ರ ಅಚ್ಚ ಬಿಳಿ. ಬೆರಳು ಮರಗಟ್ಟಿದ್ದರಿಂದ ಚಾಕು ಎಲ್ಲಿದೆ, ಬೆರಳು ಎಲ್ಲಿದೆ ಎಂದು ಕಣ್ಣಲ್ಲೇ ನೋಡಿಕೊಳ್ಳಬೇಕು, ಆ ಕಣ್ಣಿನಲ್ಲೋ ಧಾರಾಕಾರ ನೀರು. ಅರ್ಧ ಈರುಳ್ಳಿ ಹಸಿಯಾಗಿಟ್ಟೆ, ಇನ್ನರ್ಧ ಒಂದು ಚಮಚ ಎಣ್ಣೆಗೆ ಹಾಕಿದೆ. ಚುಂಯ್ ಎಂದು ಇನ್ನೂ ಅಂಚು ಕೆಂಪಾಗಿರಲಿಲ್ಲ, ಒಂದು ಜಿಪ್ ತೆರೆದ ಸದ್ದು ಬಂತು. ಹಿಂದೆಯೇ ಇನ್ನೊಂದು. ಊಟ ಬೇಡ ಎಂದವರಿಬ್ಬರೂ ಲೋಟ ಹಿಡಿದು ನಿಂತಿದ್ದರು.

ಹುರಿದದ್ದನ್ನು ಬೇಳೆಗೆ ಸುರಿದೆ. ಹಸಿಯದ್ದನ್ನು ಆರು ಪಾಲು ಮಾಡಿದೆ, ತಲೆಗೆ ನಾಲ್ಕು ಬಳೆ. ಬಾಯಿಗಿಟ್ಟರೆ ಕರುಂ ಅಂತು. ಆರು ದಿನದಿಂದ ನಮ್ಮ ಬಾಯಲ್ಲಿ ಬಿಸ್ಕತ್ತು ಬಿಟ್ಟರೆ ಏನೂ ಸದ್ದು ಮಾಡಿರಲಿಲ್ಲ, ಅದು ಗೊತ್ತಾದದ್ದೇ ಆಗ. ಯಾರೂ ಮಾತಾಡಲಿಲ್ಲ. ಪಾತ್ರೆ ತೊಳೆಯುವ ಕೆಲಸವೇ ಉಳಿಯದ ಹಾಗೆ ಅದನ್ನು ಬಳಿದು ತಿಂದೆವು.

ಈಗ ನನ್ನ ಪಟ್ಟಿಯ ಕೊನೆಯಲ್ಲಿ 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂದೊಂದು ಸಾಲಿದೆ. ಅದರಡಿ ತಲೆಗೆ 200 ಗ್ರಾಂ ಏನಾದರೂ ತರಬಹುದು, ನಾನು ಕೇಳುವುದಿಲ್ಲ. ಕಿತ್ತಳೆ ಬಂದಿದೆ, ನಿಂಬೆ ಬಂದಿದೆ, ಒಬ್ಬರು ಸೌತೆಕಾಯಿಯನ್ನು ಟೊಪ್ಪಿಗೆಯಲ್ಲಿ ಸುತ್ತಿ ಮಗುವಿನಂತೆ ಜೋಪಾನ ಮಾಡಿ ತಂದರು. ಒಂದೇ ಷರತ್ತು: ಸಿಪ್ಪೆ ವಾಪಸು ಬರಬೇಕು. ಚಳಿಯಲ್ಲಿ ಕಿತ್ತಳೆ ಸಿಪ್ಪೆ ಬೇಗ ಕೊಳೆಯುವುದಿಲ್ಲ, ಮಣ್ಣಲ್ಲಿ ಹೂತರೂ ಪ್ರಾಣಿಗಳು ಕೆದರಿ ತೆಗೆಯುತ್ತವೆ.

ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಆಲೂಗಡ್ಡೆ ಒಂದು ಗಂಟೆ ಕುದಿಸಿದೆವು, ಬೇಯಲೇ ಇಲ್ಲ. ಗ್ಯಾಸ್ ಸರಿಯಿರಲಿಲ್ಲವೇ?

ಗ್ಯಾಸ್ ಪಾಪ ಏನು ಮಾಡಿತು? ನಿಮಗಿಂತ ಮೊದಲು ಚಾರ್ಲ್ಸ್ ಡಾರ್ವಿನ್ ಇದೇ ಪಾಡುಪಟ್ಟಿದ್ದಾನೆ. 1835ರಲ್ಲಿ ಆಂಡೀಸ್ ದಾಟುವಾಗ ಇಡೀ ರಾತ್ರಿ ಒಲೆಯ ಮೇಲಿಟ್ಟ ಆಲೂಗಡ್ಡೆ ಬೆಳಿಗ್ಗೆ ಮತ್ತೆ ಕುದಿಸಿದರೂ ಬೆಂದಿರಲಿಲ್ಲ. ಈ ಹಾಳು ಹೊಸ ಪಾತ್ರೆಗೆ ಆಲೂಗಡ್ಡೆ ಬೇಯಿಸಲು ಮನಸ್ಸಿಲ್ಲ ಎಂದು ಜೊತೆಗಿದ್ದವರು ತೀರ್ಮಾನಿಸಿದರಂತೆ. ಬೆಟ್ಟದ ಮೇಲೆ ಅಡುಗೆ ಕೆಟ್ಟಾಗ ಪಾತ್ರೆಯನ್ನು ಬಯ್ಯುವುದು ಅಂದಿನಿಂದ ಇಂದಿನವರೆಗೆ ನಡೆದೇ ಇದೆ.

ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಆ ಕುದಿಯುವ ಬಿಸಿ ಹೆಚ್ಚುಕಡಿಮೆ 300 ಮೀಟರಿಗೆ ಒಂದು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ನಿಮ್ಮ ಪಾತ್ರೆಯಲ್ಲಿ ಕುದಿಯುತ್ತಿದ್ದ ನೀರು ಬರೀ 87 ಡಿಗ್ರಿಯದು. ಉರಿ ಎಷ್ಟೇ ಜೋರು ಮಾಡಿ, ನೀರು ಆವಿಯಾಗಿ ಹೋಗುತ್ತದೆಯೇ ಹೊರತು ಬಿಸಿ ಏರುವುದಿಲ್ಲ. ದೊಡ್ಡ ಗುಂಪಾದರೆ ಪುಟ್ಟ ಕುಕ್ಕರ್ ಹೊರುವುದು ದಂಡವಲ್ಲ, ಉಳಿಯುವ ಗ್ಯಾಸಿನಲ್ಲಿ ಅದರ ಭಾರ ಸರಿದೂಗುತ್ತದೆ. ಇಬ್ಬರೇ ಇದ್ದರೆ ಬೇಳೆಯನ್ನು ಮಧ್ಯಾಹ್ನವೇ ಭದ್ರ ಮುಚ್ಚಳದ ಡಬ್ಬಿಯಲ್ಲಿ ನೆನೆಹಾಕಿ ಹೊತ್ತುಕೊಂಡು ನಡೆಯಿರಿ. ಸಂಜೆ ಒಂದು ಕುದಿ ಬರಿಸಿ, ಮುಚ್ಚಿ, ಪಾತ್ರೆಗೆ ನಿಮ್ಮ ಜಾಕೆಟ್ ಸುತ್ತಿ ಅರ್ಧ ಗಂಟೆ ಬಿಡಿ. ಜಾಕೆಟ್ ಬೇಳೆಯ ವಾಸನೆ ಬರುತ್ತದೆ, ಏನು ಮಾಡುವುದು. ಆಲೂಗಡ್ಡೆಯನ್ನಂತೂ ಹೋಳು ಹೋಳಾಗಿ ತೆಳ್ಳಗೆ ಹೆಚ್ಚಿ, ಇಡಿಯಾಗಿ ಬೇಯಿಸುವ ಆಸೆ ಬಿಡಿ.

ಬೆಳಿಗ್ಗೆ ಚಳಿಗೆ ಗ್ಯಾಸ್ ಸ್ಟವ್ ಹತ್ತಲಿಲ್ಲ. ಡಬ್ಬಿ ಅಲುಗಿಸಿದರೆ ಒಳಗೆ ಗ್ಯಾಸ್ ಇತ್ತು.

ಇದ್ದದ್ದು ದ್ರವ, ಅದು ಅನಿಲವಾಗಲಿಲ್ಲ ಅಷ್ಟೆ. ಡಬ್ಬಿಯಲ್ಲಿ ತುಂಬುವ ಇಂಧನಗಳಲ್ಲಿ ಬ್ಯುಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಕೈಕೊಡುತ್ತದೆ, ಪ್ರೊಪೇನ್ ಮೈನಸ್ 42ರವರೆಗೂ ಬಗ್ಗುವುದಿಲ್ಲ. ಎರಡೂ ಬೆರೆತ ಡಬ್ಬಿ ಕೊಳ್ಳಿ, ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಕಾಲ ಬಳಿ ಇಟ್ಟುಕೊಳ್ಳಿ. ಚಳಿ ಎಂದು ಟೆಂಟ್ ಮುಚ್ಚಿಕೊಂಡು ಒಳಗೆ ಮಾತ್ರ ಸ್ಟವ್ ಹಚ್ಚಬೇಡಿ. ಉರಿಯಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಎಚ್ಚರಿಸದೆಯೇ ಕೊಲ್ಲುತ್ತದೆ.

ಬೆಟ್ಟದಲ್ಲಿ ಅಮೃತದಂತಿದ್ದ ನೂಡಲ್ಸ್ ಮನೆಯಲ್ಲಿ ಹಾಗೇ ಮಾಡಿದೆ, ಮಕ್ಕಳು ಮುಟ್ಟಲಿಲ್ಲ.

ನಾನೂ ಮಾಡಿ ನೋಡಿದ್ದೇನೆ. ನಾಯಿಯೂ ಮೂಸಿ ಹೋಯಿತು.

ಅಕ್ಕಾ, ಹೋದ ಚಾರಣದಲ್ಲಿ ಗೆಳೆಯನೊಬ್ಬ ಗುಂಪಿನ ಚಾಕಲೇಟನ್ನು ರಾತ್ರಿ ಕದ್ದು ತಿಂದ. ಮತ್ತೆ ಅವನನ್ನು ಕರೆದುಕೊಂಡು ಹೋಗಬೇಕೇ?

ತೀರ್ಪು ಕೊಡುವ ಮುಂಚೆ ನನ್ನದೊಂದು ತಪ್ಪೊಪ್ಪಿಗೆ ಇದೆ ತಮ್ಮಾ. ಒಮ್ಮೆ ನಾನೂ ಗುಂಪಿನ ಒಣದ್ರಾಕ್ಷಿಯಲ್ಲಿ ಒಂದು ಹಿಡಿ ಎತ್ತಿಕೊಂಡು ಸ್ಲೀಪಿಂಗ್ ಬ್ಯಾಗಿನೊಳಗೆ ತಿಂದಿದ್ದೇನೆ. ಪಕ್ಕದವರಿಗೆ ಅಗಿಯುವ ಸದ್ದು ಕೇಳೀತೆಂದು ಒಂದೊಂದನ್ನೇ ಕರಗುವವರೆಗೂ ಚೀಪಿದ್ದೆ.

ಹಸಿದ ಮನುಷ್ಯರು ಒಬ್ಬರನ್ನೊಬ್ಬರು ಅನುಮಾನಿಸುತ್ತಾರೆ, ಅದು ಹೊಸದಲ್ಲ. 1908–09ರಲ್ಲಿ ಧ್ರುವಾನ್ವೇಷಕ ಶ್ಯಾಕಲ್ಟನ್ ಮತ್ತು ಮೂವರು ಜೊತೆಗಾರರು ದಕ್ಷಿಣ ಧ್ರುವದತ್ತ ನಡೆದಾಗ ಊಟ ಹಂಚಲು ಒಂದು ಉಪಾಯ ಮಾಡಿಕೊಂಡಿದ್ದರು. ಒಬ್ಬ ಬೆನ್ನು ತಿರುಗಿಸಿ ಕೂರುತ್ತಿದ್ದ, ಇನ್ನೊಬ್ಬ ಒಂದು ಪಾಲಿಗೆ ಬೆರಳು ತೋರಿಸಿ ಯಾರಿಗೆ ಎಂದು ಕೇಳುತ್ತಿದ್ದ, ನೋಡದವನು ಹೆಸರು ಹೇಳುತ್ತಿದ್ದ. ಜಗಳವೇ ಇಲ್ಲ. ಹಿಂದಿರುಗುವ ದಾರಿಯಲ್ಲಿ, 1909ರ ಜನವರಿ 31ರಂದು, ಹೊಟ್ಟೆ ಕೆಟ್ಟು ನಿತ್ರಾಣನಾಗಿದ್ದ ಜೊತೆಗಾರ ಫ್ರಾಂಕ್ ವೈಲ್ಡ್‌ನಿಗೆ ಶ್ಯಾಕಲ್ಟನ್ ತನ್ನ ಪಾಲಿನ ಒಂದೇ ಬಿಸ್ಕತ್ತನ್ನು ಒತ್ತಾಯಮಾಡಿ ಕೊಟ್ಟ. ಸಾವಿರಾರು ಪೌಂಡ್ ಸುರಿದರೂ ಸಿಗದ ಬಿಸ್ಕತ್ತು ಅದು ಎಂಬರ್ಥದಲ್ಲಿ ವೈಲ್ಡ್ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ನಿಮ್ಮ ಗೆಳೆಯನಿಂದ ಅಷ್ಟೆಲ್ಲ ನಿರೀಕ್ಷೆ ಬೇಡ.

ಕರೆದುಕೊಂಡು ಹೋಗಿ. ಚಾಕಲೇಟನ್ನು ಒಂದೊಂದು ದಿನದ್ದು ಬೇರೆ ಬೇರೆ ಪೊಟ್ಟಣ ಕಟ್ಟಿ, ಪ್ರತಿ ಮಧ್ಯಾಹ್ನ ಅವನ ಕೈಯಿಂದಲೇ ಹಂಚಿಸಿ, ಅವನ ಪಾಲು ಕೊನೆಯದು. ಉಳಿದ ಪೊಟ್ಟಣಗಳ ಚೀಲ ಮಾತ್ರ ಬೇರೆ ಟೆಂಟಿನಲ್ಲಿರಲಿ.